ಪೂಜೆ ಮಾಡಿಸುವವರು ಜೈಲಿಗೆ ಯಾಕೆ ಹೋದರು?

ನಿಮ್ಮ ಪ್ರಶ್ನೆ: "ಅಮೆರಿಕದ ಕಪ್ಪು ಜನರ ಹೋರಾಟಕ್ಕೆ ಹೋಗಿ ಯಹೂದಿ ಪುರೋಹಿತರು ಜೈಲು ಸೇರಿದ್ದರಂತೆ. ಪೂಜೆ ಮಾಡಿಸುವವರಿಗೆ ಈ ಉಸಾಬರಿ ಯಾಕೆ?"

ಮೊದಲಿಗೆ, ನೀವು ಹೇಳುವ ಯಹೂದಿ ಪುರೋಹಿತರು, ಅಂದರೆ ರಬ್ಬಿ, ನಮ್ಮ ಅರ್ಚಕರ ಥರ ಅಲ್ಲ. ಆ ಪದದ ಅರ್ಥವೇ 'ನನ್ನ ಗುರು'. ಧರ್ಮಗ್ರಂಥ ಓದಿ, ಅದು ಏನು ಹೇಳುತ್ತದೆ ಅಂತ ತಮ್ಮ ಜನಕ್ಕೆ ಬಿಡಿಸಿ ಹೇಳುವುದು ಅವರ ಮುಖ್ಯ ಕೆಲಸ. ಪಕ್ಕದವನ ರಕ್ತ ಹರಿಯುವಾಗ ಸುಮ್ಮನೆ ನಿಂತು ನೋಡಬೇಡ ಅಂತ ಅದೇ ಗ್ರಂಥದಲ್ಲಿದೆ. ದಿನಾ ಅದನ್ನು ಪಾಠ ಮಾಡುವವರು ತಾವೇ ಸುಮ್ಮನಿದ್ದರೆ ಹೇಗೆ, ಅಲ್ವಾ?

ನೀವು ಕೇಳಿರುವುದು ಬಹುಶಃ ಸೇಂಟ್ ಅಗಸ್ಟೀನ್ ವಿಷಯ. ಅದು ಫ್ಲಾರಿಡಾದ ಒಂದು ಹಳೇ ಕಡಲೂರು. 1964ರ ಜೂನ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅಲ್ಲಿ ಚಳವಳಿ ನಡೆಸುತ್ತಿದ್ದರು. ಅತ್ತ ಅಟ್ಲಾಂಟಿಕ್ ಸಿಟಿಯಲ್ಲಿ ರಬ್ಬಿಗಳ ಸಮ್ಮೇಳನ ಸೇರಿತ್ತು. ಬನ್ನಿ ಅಂತ ಕಿಂಗ್ ಕರೆ ಕಳಿಸಿದರು. 16 ರಬ್ಬಿಗಳು, ಜೊತೆಗೆ ರಬ್ಬಿಯಲ್ಲದ ಒಬ್ಬ ಪದಾಧಿಕಾರಿ, ಹೊರಟೇ ಬಿಟ್ಟರು.

ಜೂನ್ 18ರಂದು ಕಪ್ಪು ಜನರನ್ನು ಒಳಗೆ ಬಿಡದ ಒಂದು ಮೋಟೆಲ್ ಮುಂದೆ ರಬ್ಬಿಗಳು ನಿಂತು ಪ್ರಾರ್ಥನೆ ಶುರು ಮಾಡಿದರು. ಎಲ್ಲರ ಕಣ್ಣು ಅವರ ಮೇಲಿದ್ದಾಗ ಕಪ್ಪು, ಬಿಳಿ ಹುಡುಗರು ಒಟ್ಟಿಗೇ ಈಜುಕೊಳಕ್ಕೆ ಹಾರಿದರು. ಮೋಟೆಲ್ ನಡೆಸುತ್ತಿದ್ದವನು ಆಸಿಡ್ ತಂದು ನೀರಿಗೆ ಸುರಿದ. ಆ ಫೋಟೋ ಈಗಲೂ ಸಿಗುತ್ತದೆ, ನೋಡಿ. ಅವನು ಕೊಳದ ಅಂಚಲ್ಲಿ ಬಗ್ಗಿ ಸುರಿಯುತ್ತಿದ್ದಾನೆ, ನೀರಲ್ಲಿರುವವರು ಚೀರುತ್ತಿದ್ದಾರೆ.

ಆ ದಿನ 17 ಜನರೂ ಜೈಲಿಗೆ ಹೋದರು. ಬೆಳಗಿನ ಜಾವ ಮೂರು ಗಂಟೆಗೆ, ಹೊರಗಿನ ಓಣಿಯಲ್ಲಿ ಉರಿಯುತ್ತಿದ್ದ ಒಂದೇ ಬಲ್ಬಿನ ಬೆಳಕಲ್ಲಿ, ತಾವು ಯಾಕೆ ಬಂದೆವು ಅಂತ ಒಂದು ಪತ್ರ ಬರೆದರು. ಕಾಗದ ಯಾವುದು ಗೊತ್ತಾ? ಕಪ್ಪು ಜನರನ್ನು ಹಿಂಸಿಸುತ್ತಿದ್ದ ಬಿಳಿಯರ ಗುಂಪು ಕೂ ಕ್ಲಕ್ಸ್ ಕ್ಲಾನ್ ಆ ಊರಲ್ಲಿ ನಡೆಸಿದ ಹಲ್ಲೆಗಳ ಬಗ್ಗೆ ಇದ್ದ ವರದಿಯ ಹಿಂಬದಿ. ಹಿಟ್ಲರನ ಸುಡುಗೂಡುಗಳಿಂದ ಹೊಗೆ ಏಳುವುದನ್ನು ಲಕ್ಷಾಂತರ ಜನ ಸುಮ್ಮನೆ ನೋಡುತ್ತಾ ನಿಂತಿದ್ದರು, ಅದು ನೆನಪಿರುವುದಕ್ಕೇ ಬಂದೆವು ಅಂತ ಅದರಲ್ಲಿದೆ. ನಿಮ್ಮ 'ಯಾಕೆ'ಗೆ ಇದಕ್ಕಿಂತ ನೇರ ಉತ್ತರ ನನಗೆ ಗೊತ್ತಿಲ್ಲ.

ರಬ್ಬಿ ಅಬ್ರಹಾಂ ಹೆಶೆಲ್ ಅವರ ಹೆಸರನ್ನೂ ನೀವು ಕೇಳಿರಬಹುದು. ನಾಜಿಗಳಿಂದಾಗಿ ತಾಯಿಯನ್ನೂ ಒಡಹುಟ್ಟಿದವರನ್ನೂ ಕಳಕೊಂಡವರು. 1965ರಲ್ಲಿ ಅಲಬಾಮಾ ರಾಜ್ಯದ ಸೆಲ್ಮಾದಲ್ಲಿ, ಕಪ್ಪು ಜನರ ಮತದಾನದ ಹಕ್ಕಿಗಾಗಿ ನಡೆದ ಮೆರವಣಿಗೆಯಲ್ಲಿ ಕಿಂಗ್ ಜೊತೆ ಮುಂದಿನ ಸಾಲಲ್ಲೇ ನಡೆದರು. ಕೊರಳಲ್ಲಿ ಹವಾಯಿಯಿಂದ ಬಂದ ಹೂವಿನ ಹಾರ, ನಮ್ಮೂರ ಮೆರವಣಿಗೆ ಥರಾನೇ! ನನ್ನ ಕಾಲುಗಳೇ ಪ್ರಾರ್ಥನೆ ಮಾಡುತ್ತಿದ್ದ ಹಾಗನ್ನಿಸಿತು ಅಂತ ಆಮೇಲೆ ಹೇಳಿದರು.

ಆದರೆ ನನಗೆ ಜಾಸ್ತಿ ಹಿಡಿಸುವುದು ಇಷ್ಟು ಪ್ರಸಿದ್ಧರಲ್ಲದ ಇನ್ನೊಬ್ಬರು. ಕೆಲಸದ ಮೇಲೆ ಕೆಲವು ವರ್ಷ ಅಟ್ಲಾಂಟಾದಲ್ಲಿದ್ದೆ. ಪೀಚ್‌ಟ್ರೀ ರಸ್ತೆಯಲ್ಲಿ 'ದಿ ಟೆಂಪಲ್' ಅನ್ನುವ ದೊಡ್ಡ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಇದೆ. ಅದರ ಮುಂದೆ ಎಷ್ಟೋ ಸಲ ಹಾದುಹೋಗಿದ್ದರೂ ಕಥೆ ಗೊತ್ತಾಗಿದ್ದು ತಡವಾಗಿ. ಜೇಕಬ್ ರಾತ್‌ಚೈಲ್ಡ್ 1946ರಿಂದ ಅಲ್ಲಿ ರಬ್ಬಿ. ಬಣ್ಣ ನೋಡಿ ಬೇರೆ ಕೂರಿಸುವುದು ತಪ್ಪು ಅಂತ ವರ್ಷಾನುಗಟ್ಟಲೆ ಹೇಳುತ್ತಲೇ ಇದ್ದರು. ನಮಗ್ಯಾಕೆ ತಂಟೆ ಅಂತ ಅವರ ಜನರಲ್ಲೇ ಕೆಲವರಿಗೆ ಭಯ. ಭಯ ಸುಳ್ಳೂ ಆಗಿರಲಿಲ್ಲ. 1958ರ ಅಕ್ಟೋಬರ್ 12ರ ನಸುಕಿನಲ್ಲಿ ಯಾರೋ ಕಟ್ಟಡಕ್ಕೆ ಡೈನಮೈಟ್ ಇಟ್ಟು ಸಿಡಿಸಿದರು. ಅವತ್ತು ಭಾನುವಾರ, ಕೆಲವೇ ಗಂಟೆಗಳಲ್ಲಿ ಮಕ್ಕಳು ಪಾಠಕ್ಕೆ ಬರುವವರಿದ್ದರು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಯಾರಿಗೂ ಶಿಕ್ಷೆಯೂ ಆಗಲಿಲ್ಲ.

ಹೊರಗಿನಿಂದ ಬಂದವರು ಜೈಲಿಂದ ಬಿಟ್ಟ ಮೇಲೆ ತಮ್ಮೂರಿಗೆ ವಾಪಸ್ ಹೋಗಬಹುದಿತ್ತು. ರಾತ್‌ಚೈಲ್ಡ್ ಮಾರನೇ ದಿನವೂ ಅದೇ ಬೀದಿಯಲ್ಲಿ ಓಡಾಡಬೇಕಿತ್ತು. ಆದರೂ ಬಾಯಿ ಮುಚ್ಚಲಿಲ್ಲ. ಅಟ್ಲಾಂಟಾದವರೇ ಆದ ಕಿಂಗ್‌ಗೆ ನೊಬೆಲ್ ಬಂದಾಗ ಊರಿನ ಪರವಾಗಿ ಒಂದು ಸನ್ಮಾನದ ಔತಣ ಆಗಲೇಬೇಕು ಅಂತ ಓಡಾಡಿದವರಲ್ಲಿ ಇವರೂ ಒಬ್ಬರು. ಬಿಳಿ ವ್ಯಾಪಾರಸ್ಥರು ಟಿಕೆಟ್ ಕೊಳ್ಳಲು ಮೊದಮೊದಲು ಹಿಂದೆಮುಂದೆ ನೋಡಿದರು. ಕೊನೆಗೆ 1965ರ ಜನವರಿ 27ರ ರಾತ್ರಿ ಹೋಟೆಲ್ ಹಾಲ್ ತುಂಬಿತು. ಕಪ್ಪು ಜನ, ಬಿಳಿ ಜನ ಒಂದೇ ಮೇಜಿನಲ್ಲಿ ಕೂತು ಉಂಡರು.