ಕೊಡಗು–ವಯನಾಡಿನ ಬ್ರಹ್ಮಗಿರಿ: ಗಡಿಯ ಎರಡು ಮಗ್ಗುಲುಗಳಲ್ಲಿ ಹವೆಯೂ ಕಾಡೂ ಬೇರೆಯೇ?

ತಾವು ಕೇಳಿರುವುದು ಎರಡು ಪ್ರಶ್ನೆ. ಬ್ರಹ್ಮಗಿರಿ ಇರುವುದು ತಲಕಾವೇರಿಯಲ್ಲೋ ಕೇರಳದ ಗಡಿಯಲ್ಲೋ ಎಂಬುದು ಒಂದು. ಗಡಿಯ ಬೆಟ್ಟವೇ ಆಗಿದ್ದರೆ ಅದರ ಆಚೀಚೆ ಮಳೆ, ಕಾಡು, ಪ್ರಾಣಿಗಳು ಬೇರೆಬೇರೆಯಾಗಿರುತ್ತವೆಯೇ ಎಂಬುದು ಇನ್ನೊಂದು. ನಾನು ದಕ್ಷಿಣ ಕೊಡಗಿನವನು, ಈ ಬೆಟ್ಟವನ್ನು ಗದ್ದೆಯ ಏರಿಯ ಮೇಲೆ ನಿಂತು ನೋಡುತ್ತಲೇ ಬೆಳೆದವನು. ಉತ್ತರ ಸ್ವಲ್ಪ ಉದ್ದವಾದರೆ ಕ್ಷಮೆಯಿರಲಿ.

ಮೊದಲ ಪ್ರಶ್ನೆಗೆ ಉತ್ತರ: ಎರಡೂ ಇವೆ. ತಲಕಾವೇರಿಯ ತೀರ್ಥಕುಂಡಿಕೆಯ ಪಕ್ಕದ ಮೆಟ್ಟಿಲು ಹತ್ತಿದರೆ ಸಿಗುವ ಗುಡ್ಡಕ್ಕೂ ಬ್ರಹ್ಮಗಿರಿಯೆಂದೇ ಹೆಸರು. ಆದರೆ ತಾವು ಹೇಳುತ್ತಿರುವ ಗಡಿಯ ಬೆಟ್ಟ ಅದಲ್ಲ. ಅದು ಕೊಡಗಿನ ದಕ್ಷಿಣದ ಅಂಚಿನಲ್ಲಿ, ಶ್ರೀಮಂಗಲ, ಇರ್ಪು, ಕುಟ್ಟಗಳ ನೆತ್ತಿಯ ಮೇಲೆ ಗೋಡೆಯಂತೆ ಹಬ್ಬಿರುವ ಸಾಲು. ಅದರ ಶಿಖರ 1,608 ಮೀಟರ್ ಎತ್ತರವಿದೆ. ಆ ಸಾಲಿನ ಬೆನ್ನಿನ ಮೇಲೆಯೇ ಕರ್ನಾಟಕ ಮತ್ತು ಕೇರಳದ ಗಡಿ ಹಾದುಹೋಗುತ್ತದೆ. ಈಚೆ ಪೊನ್ನಂಪೇಟೆ ತಾಲ್ಲೂಕು, ಆಚೆ ವಯನಾಡಿನ ತಿರುನೆಲ್ಲಿ. ನಮ್ಮ ಕಡೆಯ ಕಾಡು 1974ರಲ್ಲಿ ಬ್ರಹ್ಮಗಿರಿ ವನ್ಯಜೀವಿಧಾಮವಾಯಿತು. ಅದರ ವಿಸ್ತೀರ್ಣ ಸುಮಾರು 181 ಚದರ ಕಿಲೋಮೀಟರ್.

ಇನ್ನು ಎರಡನೆಯ ಪ್ರಶ್ನೆ. ಗಡಿಯ ಬೆಟ್ಟವೆಂದರೆ ಅದು ನೀರನ್ನೂ ಹಂಚಿ ಎರಡು ಕಡೆಗೆ ಕಳಿಸುತ್ತದೆ ಎಂದುಕೊಳ್ಳುವುದು ಸಹಜ. ಬ್ರಹ್ಮಗಿರಿ ನೀರನ್ನು ಹಂಚುವುದೇನೋ ನಿಜ, ಆದರೆ ಮತ್ತೆ ಕೂಡಿಸಿಬಿಡುತ್ತದೆ. ಈಚೆಯ ಇಳಿಜಾರಿನ ಕೊಲ್ಲಿಗಳಲ್ಲಿ, ಅಂದರೆ ಬೆಟ್ಟದ ಕಿರುತೊರೆಗಳಲ್ಲಿ, ಹುಟ್ಟುವ ಲಕ್ಷ್ಮಣತೀರ್ಥ ಇರ್ಪುವಿನಲ್ಲಿ ಜಲಪಾತವಾಗಿ ಧುಮುಕಿ, ರಾಮೇಶ್ವರ ದೇವಸ್ಥಾನದ ಪಕ್ಕದಲ್ಲಿ ಹರಿದು, ನಾಗರಹೊಳೆಯ ಕಾಡನ್ನೂ ಹುಣಸೂರನ್ನೂ ದಾಟಿ ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಆಚೆಯ ಇಳಿಜಾರಿನ ಪಾಪನಾಶಿನಿ ತಿರುನೆಲ್ಲಿ ದೇವಸ್ಥಾನದ ಹಿಂದೆ ಇಳಿದು, ಕಾಳಿಂದಿಯ ಮೂಲಕ ಕಬಿನಿಯ ಪಾಲಾಗುತ್ತದೆ; ಕಬಿನಿ ಹೆಗ್ಗಡದೇವನಕೋಟೆಯ ಅಣೆಕಟ್ಟನ್ನು ಕಳೆದು ತಿರುಮಕೂಡಲು ನರಸೀಪುರದಲ್ಲಿ ಅದೇ ಕಾವೇರಿಗೆ ಕೂಡುತ್ತದೆ. ಶಿಖರದ ಹುಲ್ಲಿನ ಮೇಲೆ ಒಂದಡಿ ಅಂತರದಲ್ಲಿ ಬಿದ್ದ ಎರಡು ಹನಿಗಳು ಎರಡು ರಾಜ್ಯಗಳಿಗೆ ಇಳಿದರೂ ಕೊನೆಗೆ ಒಂದೇ ಹೊಳೆಯಲ್ಲಿ ಸೇರುತ್ತವೆ.

ಹಾಗಾದರೆ ಈ ಬೆಟ್ಟದಲ್ಲಿ ಭೇದವೇ ಇಲ್ಲವೇ ಎಂದರೆ, ಇದೆ. ಆದರೆ ಅದು ಕರ್ನಾಟಕ ಮತ್ತು ಕೇರಳದ ನಡುವಿನದಲ್ಲ, ಪಡುವಣ ಮತ್ತು ಮೂಡಣದ ನಡುವಿನದು. ಸಾಲಿನ ಪಶ್ಚಿಮದ ತುದಿ, ವಿರಾಜಪೇಟೆಯಿಂದ ಕಣ್ಣೂರಿಗೆ ಹೋಗುವ ದಾರಿಯಲ್ಲಿರುವ ಮಾಕುಟ್ಟದ ಕಡೆಗೆ ಕಡಿದಾಗಿ ಇಳಿಯುತ್ತದೆ. ಅಲ್ಲಿಯ ನೀರು ಬಾರಪೊಳೆ ಸೇರಿ, ವಳಪಟ್ಟಣಂ ನದಿಯ ಮೂಲಕ ಕಣ್ಣೂರಿನ ಬಳಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಜೂನ್‌ನಲ್ಲಿ ಕಡಲಿನಿಂದ ಬರುವ ತೇವದ ಗಾಳಿ ಮೊದಲು ಅಪ್ಪಳಿಸುವುದು ಈ ಮುಖಕ್ಕೆ. ಮೇಲೇರಿದ ಗಾಳಿ ತಣ್ಣಗಾಗಿ ಹೊತ್ತದ್ದನ್ನೆಲ್ಲ ಅಲ್ಲೇ ಸುರಿಯುತ್ತದೆ. 2018ರ ಜೂನ್‌ನಲ್ಲಿ ಗುಡ್ಡಗಳು ಜಾರಿ ಮಾಕುಟ್ಟದ ರಸ್ತೆ ಮುಚ್ಚಿಹೋದದ್ದು ಈ ಮಗ್ಗುಲಿನಲ್ಲೇ. ಮಳೆಯೆಲ್ಲ ಸುರಿದು ಹಗುರಾದ ಗಾಳಿ ಪೂರ್ವಕ್ಕೆ, ಕುಟ್ಟ ಮತ್ತು ಗಡಿಯಾಚೆಯ ತೋಲ್ಪೆಟ್ಟಿಗಳ ಕಡೆಗೆ ದಾಟುವ ಹೊತ್ತಿಗೆ ಮಳೆ ಎಷ್ಟೋ ತಗ್ಗಿರುತ್ತದೆ. ಕಾಡೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ: ಪಶ್ಚಿಮದಲ್ಲಿ ವರ್ಷವಿಡೀ ಹಸಿರಾಗಿರುವ ದಟ್ಟಡವಿ, ಪೂರ್ವದ ಬುಡಕ್ಕೆ ಬಂದರೆ ಬೇಸಿಗೆಯಲ್ಲಿ ಎಲೆಯುದುರಿಸುವ ಮತ್ತಿ, ನಂದಿ, ತೇಗಗಳ ನಾಗರಹೊಳೆಯ ಕಾಡು. ನಕಾಶೆಯಲ್ಲಿ ನಿಜವಾದ ಗಡಿ ಗೆರೆ ಎಳೆಯಲು ನನಗೆ ಅವಕಾಶ ಕೊಟ್ಟರೆ ಅಡ್ಡಗೆರೆಯ ಬದಲು ಉದ್ದಗೆರೆ ಎಳೆದೇನು.

ಶಿಖರದ ಮೇಲಿನ ಲೋಕ ಇನ್ನೊಂದು ಬಗೆಯದು. ಇರ್ಪುವಿನ ಕಾಫಿ ತೋಟಗಳನ್ನು ದಾಟಿ, ಜಲಪಾತದ ಪಕ್ಕದ ಹಾದಿಯಲ್ಲಿ ಕಾಡಿನೊಳಗೆ ಏರಿ, ನರಿಮಲೆಯ ಅರಣ್ಯ ಇಲಾಖೆಯ ಶಿಬಿರವನ್ನು ಬಿಟ್ಟು ಮುಂದೆ ಹೋದರೆ ಮರಗಳು ಮುಗಿದು ಹುಲ್ಲುಬೆಟ್ಟ ತೆರೆದುಕೊಳ್ಳುತ್ತದೆ. ಮಣ್ಣು ತೆಳುವಾಗಿ, ಗಾಳಿ ಬಿಡದೆ ಬೀಸುವ ಬೆನ್ನುಗಳ ಮೇಲೆ ಹುಲ್ಲು ಮಾತ್ರ ನಿಲ್ಲುತ್ತದೆ. ಮಣ್ಣು ಕೊಚ್ಚಿಬಂದು ಸೇರುವ, ಗಾಳಿ ತಾಗದ ಮಡಿಲುಗಳಲ್ಲಿ ಶೋಲಾ ಎಂಬ ಗಿಡ್ಡ ಮರಗಳ ದಟ್ಟ ಕಾಡು ಒತ್ತಿಕೊಂಡಿರುತ್ತದೆ. ಇವೆರಡರ ನಡುವಿನ ಅಂಚು ಕತ್ತರಿಸಿಟ್ಟಷ್ಟು ನೇರ. ಮಧ್ಯಾಹ್ನದ ಬಿಸಿಲಿನ ಹುಲ್ಲಿನಿಂದ ಹತ್ತು ಹೆಜ್ಜೆ ಒಳಗೆ ಇಟ್ಟರೆ ಸಂಜೆಯ ಮಬ್ಬು. ಪಾಚಿ ಹೊದ್ದ ಗಿಡ್ಡ ಕಾಂಡಗಳು, ಕಾಲಿಟ್ಟರೆ ಸ್ಪಂಜಿನಂತೆ ತಗ್ಗುವ ತರಗೆಲೆ, ಅದರಡಿಯಲ್ಲಿ ಜಿನುಗುವ ನೀರು. ಮಳೆ ನಿಂತ ಮೇಲೂ ಲಕ್ಷ್ಮಣತೀರ್ಥ ಹರಿಯುತ್ತಿರುವುದು ಹೆಚ್ಚಾಗಿ ಈ ತರಗೆಲೆಯ ಹಾಸಿನ ಪುಣ್ಯದಿಂದ. ಅದರ ಕೆಳಗಿರುವ ಕಲ್ಲು ಮುನ್ನೂರು ಕೋಟಿ ವರ್ಷಗಳಿಗೂ ಹಳೆಯದು.

ಪ್ರಾಣಿಗಳ ವಿಷಯದಲ್ಲಿ ಗಡಿಯ ಮಾತೇ ಬರುವುದಿಲ್ಲ. ಆನೆಗಳು ನಾಗರಹೊಳೆ, ತೋಲ್ಪೆಟ್ಟಿ, ತಿರುನೆಲ್ಲಿಗಳ ನಡುವೆ ಓಡಾಡುತ್ತಲೇ ಇರುತ್ತವೆ. ಕಾಟಿಯ (ಕಾಡುಕೋಣದ) ಹಿಂಡು ಹುಲ್ಲುಬೆಟ್ಟದಲ್ಲಿ ಮೇಯುತ್ತದೆ, ಕಡವೆ ಶೋಲಾದ ಅಂಚಿನಲ್ಲಿ ನಿಂತು ಕಿವಿ ನಿಮಿರಿಸುತ್ತದೆ. ಮಳೆಗಾಲದಲ್ಲಿ ಮಾತ್ರ ರಕ್ತ ಹೀರುವ ಇಂಬಳದ್ದೇ ರಾಜ್ಯ. ಅದಕ್ಕೆ ಯಾವ ಇಲಾಖೆಯ ಅನುಮತಿಯೂ ಬೇಕಿಲ್ಲ.

ನನಗೆ ಹೆಚ್ಚು ಕುತೂಹಲವಿರುವುದು ಒಂದು ಗಿಡದ ಬಗ್ಗೆ. ಆಷಾಢದ ಆಸುಪಾಸಿನಲ್ಲಿ ಮಳೆ ಅತಿ ಬಿರುಸಾಗಿರುವ ತಿಂಗಳನ್ನು ನಾವು ಕಕ್ಕಡ ಎನ್ನುತ್ತೇವೆ, ವಯನಾಡಿನವರು ಕರ್ಕಡಕ ಎನ್ನುತ್ತಾರೆ. ತಿಂಗಳು ಒಂದೇ, ಉಚ್ಚಾರ ಎರಡು. ಕಕ್ಕಡದ ಹದಿನೆಂಟನೆಯ ದಿನ, ಅಂದರೆ ಆಗಸ್ಟ್ ಮೊದಲ ವಾರದಲ್ಲಿ, ಕೊಡಗಿನ ಮನೆಗಳಲ್ಲಿ ಮದ್ದುಸೊಪ್ಪನ್ನು ಕುದಿಸಿ ಪಾಯಸ ಮಾಡುತ್ತಾರೆ. ಸೊಪ್ಪು ಹಸಿರು, ಆದರೆ ಕುದಿಸಿದ ನೀರು ನೇರಳೆಯಾಗುತ್ತದೆ. ಕೊಡಗಿನದೇ ಎಂದು ನಾವು ಹೆಮ್ಮೆಪಡುವ ಈ ಗಿಡದ ಶಾಸ್ತ್ರೀಯ ಹೆಸರು ಜಸ್ಟಿಸಿಯಾ ವೈನಾಡೆನ್ಸಿಸ್. ಅದು ಹೊತ್ತಿರುವುದು ಬೆಟ್ಟದ ಆಚೆಯ ನಾಡಿನ ಹೆಸರನ್ನು. ಅದೇ ತಿಂಗಳ ಅಮಾವಾಸ್ಯೆಯಂದು ಪಾಪನಾಶಿನಿಯಲ್ಲಿ ಪಿತೃಗಳಿಗೆ ಬಲಿ ಇಡಲು ಜನ ಸೇರುತ್ತಾರೆ. ಬೆಟ್ಟದ ನೀರನ್ನು ತಿರುನೆಲ್ಲಿಯ ಗುಡಿಗೆ ತರಲು ಕಲ್ಲಿನ ಕಂಬಗಳ ಮೇಲೆ ಕಲ್ಲಿನ ದೋಣಿಗಳನ್ನು ಸಾಲಾಗಿ ಜೋಡಿಸಿ ಕಾಲುವೆ ಮಾಡಿದ್ದಾರೆ, ಹೋದಾಗ ತಪ್ಪದೆ ನೋಡಿ.

ಹೋಗುವ ವಿಚಾರಕ್ಕೆ ಬಂದರೆ, ಅಕ್ಟೋಬರ್ ಕೊನೆಯಿಂದ ಜನವರಿಯವರೆಗಿನ ಕಾಲ ಒಳ್ಳೆಯದು. ಡಿಸೆಂಬರ್‌ನ ಬೆಳಿಗ್ಗೆ ರಾತ್ರಿಯ ತಣ್ಣನೆಯ ಭಾರದ ಗಾಳಿ ತಗ್ಗಿಗೆ ಇಳಿದು ಗದ್ದೆ ಬಯಲುಗಳಲ್ಲಿ ಮಂಜಾಗಿ ನಿಂತಿರುತ್ತದೆ. ಕೆಳಗೆ ನಾವು ನಡುಗುತ್ತಿರುವಾಗ ಮೇಲೆ ಬೆಟ್ಟದ ಬೆನ್ನಿಗೆ ಬಿಸಿಲು ಬಿದ್ದಿರುತ್ತದೆ. ಫೆಬ್ರವರಿಯ ನಂತರ ಹುಲ್ಲು ಒಣಗಿ ಒಂದು ಕಿಡಿಗೆ ಇಡೀ ಬೆನ್ನು ಉರಿಯುವಂತಾಗುವುದರಿಂದ ಇಲಾಖೆ ಬೆಂಕಿ ಹರಡದಂತೆ ಹುಲ್ಲು ತೆಗೆದ ಪಟ್ಟಿ, ಅಂದರೆ ಬೆಂಕಿ ರೇಖೆ, ಮಾಡಿ ಕಾಯುತ್ತದೆ, ಚಾರಣವನ್ನೂ ಸಾಮಾನ್ಯವಾಗಿ ನಿಲ್ಲಿಸುತ್ತದೆ. ಇರ್ಪುವಿನಿಂದ ಹತ್ತುವವರು ಕರ್ನಾಟಕ ಅರಣ್ಯ ಇಲಾಖೆಯ ಅನುಮತಿಯನ್ನೂ, ತಿರುನೆಲ್ಲಿಯಿಂದ ಪಕ್ಷಿಪಾತಾಳದ ಬಂಡೆಗುಹೆಗಳಿಗೆ ಹೋಗುವವರು ಕೇರಳದ ಅನುಮತಿಯನ್ನೂ ಪಡೆಯಬೇಕು. ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯಲು ಬಿಡುವುದಿಲ್ಲ. ಎರಡನ್ನೂ ನೋಡುವುದಾದರೆ ಇರ್ಪುವಿಗೆ ಮರಳಿ ಇಳಿದು, ಕುಟ್ಟ ಮತ್ತು ತೋಲ್ಪೆಟ್ಟಿಯ ಮೇಲೆ ರಸ್ತೆಯಲ್ಲಿ ಬೆಟ್ಟವನ್ನು ಬಳಸಿಕೊಂಡೇ ತಿರುನೆಲ್ಲಿಗೆ ಹೋಗಬೇಕು.