ಟಿಕೆಟ್ ಫ್ರೀ ಆಯ್ತು, ಮೆಟ್ಟಿಲು ಹಾಗೇ ಇದೆ

ಪ್ರಿಯ ಸಹೋದರಿ,

ಹಾವೇರಿ ಜಿಲ್ಲೆಯಿಂದ ನೀವು ಬರೆದ ಕಾಗದವನ್ನು ನಮ್ಮ ಕಚೇರಿಯಲ್ಲಿ ಎಲ್ಲರೂ ಓದಿದೆವು. "ಶಕ್ತಿ ಯೋಜನೆ ಬಂದ ಮೇಲೆ ನಮ್ಮೂರ ಹೆಂಗಸರು ಸಂತೆಗೆ, ಆಸ್ಪತ್ರೆಗೆ, ತವರಿಗೆ ಹೋಗಿ ಬರ್ತಾರೆ. ನನಗೂ ಟಿಕೆಟ್ ಫ್ರೀ. ಆದರೆ ಪೋಲಿಯೊ ಆದ ಮೇಲೆ ನಾನು ಕೈಯೂರಿಕೊಂಡು ಹೋಗುವವಳು. ಬಸ್ಸಿನ ಮೊದಲ ಮೆಟ್ಟಿಲೇ ನನಗೆ ಎದೆಮಟ್ಟ. ಯೋಜನೆ ಮಾಡುವಾಗ ನಮ್ಮಂಥವರ ಗತಿ ಏನು ಅಂತ ನೋಡಬೇಕು ಅನ್ನೋ ಕಾನೂನು ಇಲ್ವಾ?" ಎಂದು ಕೇಳಿದ್ದೀರಿ.

ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 48ನೇ ಸೆಕ್ಷನ್. ವಿಕಲಚೇತನರೂ ಸೇರುವ ಎಲ್ಲ ಸಾಮಾನ್ಯ ಯೋಜನೆಗಳಿಗೆ ಸರ್ಕಾರ ಸಾಮಾಜಿಕ ಪರಿಶೋಧನೆ ಮಾಡಿಸಬೇಕು, ಅವುಗಳಿಂದ ಅವರಿಗೆ ಕೆಡುಕಾಗದಂತೆ ನೋಡಿಕೊಳ್ಳಬೇಕು ಎನ್ನುತ್ತದೆ ಅದು. ಉದ್ಯೋಗ ಖಾತ್ರಿ ಕೆಲಸದ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿ ಹೇಳುತ್ತಾರಲ್ಲ, ಆ ಬಗೆಯದ್ದು. 'ಸಾಮಾನ್ಯ ಯೋಜನೆ' ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಮಾಸಾಶನ, ತ್ರಿಚಕ್ರ ವಾಹನ ಕೊಡುವ ಯೋಜನೆಗಳನ್ನಷ್ಟೇ ನೋಡಿದರೆ ಸಾಲದು. ಬಸ್ಸು, ರೇಷನ್, ಶಾಲೆ, ಬ್ಯಾಂಕು ಎಲ್ಲವನ್ನೂ ನೋಡಬೇಕು.

ನೋಡುವ ರೀತಿಯೂ ಬೇರೆಯಾಗಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಎಷ್ಟು ಶೂನ್ಯ ಟಿಕೆಟ್ ಹರಿದರು ಎಂಬ ಲೆಕ್ಕ ಆಗಾಗ ಪೇಪರಿನಲ್ಲಿ ಬರುತ್ತದೆ. ಆ ಯೋಜನೆ ಲಕ್ಷಾಂತರ ಹೆಂಗಸರಿಗೆ ಆಸರೆಯಾಗಿದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಶೂನ್ಯ ಟಿಕೆಟ್ ಎಣಿಸುವುದು ಬಸ್ಸು ಹತ್ತಿದವರನ್ನು. ಸ್ಟಾಪಿನಲ್ಲೇ ಉಳಿದ ನಿಮ್ಮನ್ನು ಎಣಿಸುವವರು ಯಾರು? 2011ರ ಜನಗಣತಿಯ ಪ್ರಕಾರ ನಮ್ಮ ರಾಜ್ಯದಲ್ಲಿ 13 ಲಕ್ಷಕ್ಕೂ ಜಾಸ್ತಿ ವಿಕಲಚೇತನರಿದ್ದರು. ಆಗ ಕೇಳಿದ್ದು 8 ಬಗೆಯ ಅಂಗವೈಕಲ್ಯ. ಕಾಯ್ದೆ ಈಗ ಗುರುತಿಸುವುದು 21.

ಕೆಡುಕು ಮಾಡಬೇಕು ಅಂತ ಯಾರೂ ನಿಯಮ ಬರೆಯುವುದಿಲ್ಲ. ಎಲ್ಲರಿಗೂ ಒಂದೇ ನಿಯಮ ಎನ್ನುವುದರೊಳಗೇ ಕೆಲವರು ಹೊರಗುಳಿಯುತ್ತಾರೆ. ಬ್ಯಾಂಕಿನ ಡಿಜಿಟಲ್ ಕೆವೈಸಿ ನೋಡಿ. ಜೀವಂತ ಇದ್ದೀರಿ ಎಂದು ತೋರಿಸಲು ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಬೇಕಿತ್ತು. ಆಸಿಡ್ ದಾಳಿಯಲ್ಲಿ ರೆಪ್ಪೆಯೇ ಸುಟ್ಟುಹೋದವರು ಏನು ಮಿಟುಕಿಸುತ್ತಾರೆ? ಅವರೇ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. 2025ರ ಏಪ್ರಿಲ್ 30ರಂದು ಕೋರ್ಟು ಡಿಜಿಟಲ್ ಸೇವೆ ಪಡೆಯುವುದನ್ನು ಬದುಕುವ ಹಕ್ಕಿನ ಜೊತೆ ಸೇರಿಸಿ, ವಿಧಾನ ಬದಲಿಸುವಂತೆ 20 ನಿರ್ದೇಶನ ಕೊಟ್ಟಿತು. ನಿಯಮ ಬರೆಯುವ ದಿನವೇ ಅಂಥವರೊಬ್ಬರನ್ನು ಕೂರಿಸಿಕೊಂಡು ಕೇಳಿದ್ದರೆ ಅರ್ಧ ಗಂಟೆಯ ಕೆಲಸ ಅಲ್ವಾ?

ನಮ್ಮ ಕಾಯ್ದೆಯ ಕೊರತೆ ನನಗೆ ಇಲ್ಲೇ ಕಾಣುತ್ತದೆ. ಪರಿಶೋಧನೆ ಎಂದರೆ ಆದ ಮೇಲೆ ನೋಡುವುದು. ಬ್ರಿಟನ್ನಿನಲ್ಲಿ 2010ರ ಸಮಾನತೆ ಕಾಯ್ದೆ ತೀರ್ಮಾನಕ್ಕೆ ಮೊದಲೇ ಯೋಚಿಸಿ ಎನ್ನುತ್ತದೆ. ಅಲ್ಲಿ ತೀವ್ರ ಅಂಗವೈಕಲ್ಯ ಇದ್ದವರಿಗೆ ಮನೆಯಲ್ಲೇ ಇದ್ದು ಬದುಕಲು ನೆರವಾಗುವ ನಿಧಿಯೊಂದಿತ್ತು. ಸರ್ಕಾರ ಅದನ್ನು ಮುಚ್ಚಲು ಹೊರಟಾಗ ನೆರವು ಪಡೆಯುತ್ತಿದ್ದ 5 ಮಂದಿ ಕೋರ್ಟಿಗೆ ಹೋದರು. ಪರಿಣಾಮವನ್ನು ಸರಿಯಾಗಿ ಯೋಚಿಸಿಲ್ಲ ಎಂದು 2013ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಮಾನವನ್ನು ರದ್ದು ಮಾಡಿತು. ಖುಷಿ ಬಹಳ ದಿನ ಉಳಿಯಲಿಲ್ಲ. ಸರ್ಕಾರ ಮತ್ತೆ ಪರಿಣಾಮದ ವರದಿ ಬರೆಸಿತು, ಮತ್ತೆ ಅದೇ ತೀರ್ಮಾನ ಮಾಡಿತು, 2015ರ ಜೂನ್‌ನಲ್ಲಿ ನಿಧಿ ಮುಚ್ಚಿಯೇ ಹೋಯಿತು. ಈ ಕಥೆಯನ್ನು ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ವರದಿ ಇದ್ದರೆ ಸಾಕು ಅಂತ ನಾವು ಸುಮ್ನೆ ಕೂರಬಾರದು, ಅಷ್ಟೇ. ಅದರಲ್ಲಿ ಯಾರನ್ನು ಕೇಳಿದ್ದಾರೆ, ಕೇಳಿದ ಮೇಲೆ ಏನು ಬದಲಾಯಿತು ಎಂದು ನೋಡಬೇಕು.

ಈಗ ನಿಮ್ಮ ಕೈಲಾಗುವ ಕೆಲಸ. ಸಾರಿಗೆ ಇಲಾಖೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡಿದ್ದರೆ ಅದೂ ಇಲ್ಲ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ದಾಟಬಾರದು, ಒಂದೇ ವಿಷಯ ಇರಬೇಕು. ಹೀಗೆ ಬರೆಯಿರಿ: "ಶಕ್ತಿ ಯೋಜನೆಗೆ 48ನೇ ಸೆಕ್ಷನ್ ಪ್ರಕಾರ ಸಾಮಾಜಿಕ ಪರಿಶೋಧನೆ ನಡೆದಿದೆಯೇ? ನಡೆದಿದ್ದರೆ ವರದಿಯ ಪ್ರತಿ ಕೊಡಿ." ನಿಮ್ಮ ಪಂಚಾಯಿತಿಯ ವಿ.ಆರ್.ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಬರೆದುಕೊಡಲು ಸಹಾಯ ಮಾಡಬಹುದು. ಇನ್ನೊಂದು ಕಾಗದದಲ್ಲಿ ಮೆಟ್ಟಿಲಿನ ವಿಷಯವನ್ನು ನನಗೆ ಬರೆದ ಹಾಗೆಯೇ ಬರೆದು, ವಿಕಲಚೇತನರ ಕಾಯ್ದೆಯ ರಾಜ್ಯ ಆಯುಕ್ತರಿಗೆ ದೂರು ಕಳಿಸಿ. ಎದೆಮಟ್ಟ ಎಂಬ ಆ ಪದವನ್ನು ಮಾತ್ರ ತೆಗೆಯಬೇಡಿ.

ಅರ್ಜಿಗೆ 30 ದಿನದಲ್ಲಿ ಉತ್ತರ ಬರಬೇಕು. ಬಂದ ಕೂಡಲೇ ನಮಗೂ ಒಂದು ಪ್ರತಿ ಕಳಿಸಿ, ಇದೇ ಪುಟದಲ್ಲಿ ಹಾಕುತ್ತೇವೆ.

ನಿಮ್ಮ,
ಸಂಪಾದಕ