ಟರ್ಕಿಗೆ ಹೊರಟವರ ಪ್ರಶ್ನೆ: ಬಸ್ಸಲ್ಲಿ ಎಷ್ಟು ಗಂಟೆ, ಜಾಗದಲ್ಲಿ ಎಷ್ಟು ಗಂಟೆ?

ಹೋದ ಸಂಚಿಕೆಯಲ್ಲಿ ನಾನು ಗೈಡ್ ಇರುವ ಗುಂಪಲ್ಲಿ ಟರ್ಕಿ ನೋಡಿ ಬಂದ ವಿಷಯ ನಾಲ್ಕು ಸಾಲು ಬರ್ದದ್ದಷ್ಟೇ, ಅದಕ್ಕೆ ಬಂದ ಪತ್ರ ಮತ್ತೆ ವಾಟ್ಸಾಪ್ ಮೆಸೇಜು ನೋಡಿ ಈ ಸಲದ ಪುಟ ಪೂರ್ತಿ ಅದಕ್ಕೇ ಇಡುವಾ ಅಂತ ಅನ್ನಿಸ್ತು. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಇಷ್ಟು ಜನ ಹೊರಟು ನಿಂತಿದ್ದಾರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ಹೆಸರು ಹಾಕ್ಬೇಡಿ ಅಂತ ಹೆಚ್ಚಿನವರು ಹೇಳಿದ್ರಿಂದ ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಅಕ್ಕಾ, ನಾನು ರಿಟೈರ್ಡ್ ಟೀಚರ್, 63 ವರ್ಷ, ನಮ್ಮವರಿಗೆ 68. ಶಾರ್ಜಾದಲ್ಲಿರುವ ಮಗ ನಮ್ಮಿಬ್ಬರನ್ನು ಟರ್ಕಿಗೆ ಕಳಿಸ್ತೇನೆ ಅಂತ ಹಟ ಹಿಡಿದಿದ್ದಾನೆ. ಎರಡು ಪ್ಯಾಕೇಜ್ ನೋಡಿ ಇಟ್ಟಿದ್ದಾನೆ, ಒಂದರಲ್ಲಿ 8 ದಿನಕ್ಕೆ ಒಂಬತ್ತು ಊರು, ಇನ್ನೊಂದರಲ್ಲಿ ಅಷ್ಟೇ ದಿನಕ್ಕೆ ಮೂರೇ ಊರು, ಆದ್ರೆ ರೇಟು ಜಾಸ್ತಿ. ನಂಗೆ ಮೊಣಗಂಟು ನೋವು ಬೇರೆ ಉಂಟು. ಯಾವುದಕ್ಕೆ ಹೋಗುದು? (ನೀರ್ಚಾಲು)

ಉತ್ತರ: ಟೀಚರ್, ಮೂರು ಊರಿನದ್ದಕ್ಕೇ ಹೋಗಿ. ಒಂಬತ್ತು ಊರಿನ ಪಟ್ಟಿ ಕಾಗದದಲ್ಲಿ ನೋಡ್ಲಿಕ್ಕೆ ಚಂದ, ಆದ್ರೆ ಟರ್ಕಿ ಅಂದ್ರೆ ಸಣ್ಣ ದೇಶ ಅಲ್ಲ, ಇಸ್ತಾಂಬುಲಿಂದ ಕಪ್ಪಡೋಸಿಯಕ್ಕೆ ರಸ್ತೆಯಲ್ಲಿ 700 ಕಿಲೋಮೀಟರಿಗಿಂತ ಹೆಚ್ಚು, ಅಲ್ಲಿಂದ ಪಾಮುಕ್ಕಲೆಗೆ ಮತ್ತೆ ಒಂದಿಡೀ ದಿನ ಬಸ್ಸು, ಮೊಣಗಂಟು ನೋವಿನವರು ಅಷ್ಟು ಹೊತ್ತು ಕಾಲು ಮಡಿಚಿ ಕೂತ್ರೆ ಇಳಿದ ಮೇಲೆ ನೋಡುದೆಂತ? ಮಗನ ಹತ್ರ ಒಂದು ಕೆಲಸ ಮಾಡ್ಲಿಕ್ಕೆ ಹೇಳಿ. ಪ್ರತಿ ದಿನಕ್ಕೂ ಬಸ್ಸಲ್ಲಿ ಎಷ್ಟು ಗಂಟೆ, ಜಾಗದಲ್ಲಿ ಎಷ್ಟು ಗಂಟೆ, ಅಂಗಡಿಯಲ್ಲಿ ಎಷ್ಟು ಗಂಟೆ ಅಂತ ಕಂಪೆನಿಯವರಿಂದ ಬರವಣಿಗೆಯಲ್ಲಿ ತರಿಸ್ಲಿ.

ಅಂಗಡಿ ಅಂತ ಯಾಕೆ ಹೇಳಿದ್ದು ಅಂದ್ರೆ, ನಾನು ಹೋದ ಟೂರಿನವರು ಎಫೆಸಸ್ ಅಂತ ಹಾಳುಬಿದ್ದ ಹಳೇ ರೋಮನ್ ಪಟ್ಟಣಕ್ಕೆ ಕೊಟ್ಟದ್ದು ಐವತ್ತು ನಿಮಿಷ, ದಾರಿಯಲ್ಲಿ ಕಾರ್ಪೆಟ್ ಅಂಗಡಿಯಲ್ಲಿ ಕೂರಿಸಿದ್ದು ಎರಡೂವರೆ ಗಂಟೆ. ಚಾ ಕೊಟ್ರು, ಒಂದೊಂದೇ ಕಾರ್ಪೆಟ್ ಬಿಡಿಸಿ ಹಾಕಿದ್ರು, ನೇಯ್ಗೆ ಚಂದವೇ, ಇಲ್ಲ ಅಂತ ಹೇಳುದಿಲ್ಲ. ಆದ್ರೆ ಜೀವಮಾನದಲ್ಲಿ ಒಮ್ಮೆ ಬಂದ ಜಾಗವನ್ನು ಓಡ್ತಾ ನೋಡ್ಬೇಕಾಯ್ತಲ್ಲ ಅಂತ ನಂಗೆ ಇವತ್ತಿಗೂ ಹೊಟ್ಟೆ ಉರಿತದೆ. ಎರಡು ಸಾವಿರ ವರ್ಷದ ಹಿಂದಿನ ಅಮೃತಶಿಲೆಯ ರಸ್ತೆ, ಎರಡೂ ಬದಿ ಕಂಬ, ಕೆಳಗೆ ಇಳಿತಾ ಹೋದ ಹಾಗೆ ಎದುರಿಗೆ ಸೆಲ್ಸಸ್ ಲೈಬ್ರರಿಯ ಮುಖ ಕಾಣ್ತದೆ. ಸೆಲ್ಸಸ್ ಅಂತ ಒಬ್ಬ ರೋಮನ್ ಅಧಿಕಾರಿ, ಅವನ ಮಗ ಅಪ್ಪನ ನೆನಪಿಗೆ ಲೈಬ್ರರಿ ಕಟ್ಟಿಸಿದ್ದು, ಅಪ್ಪನ ಸಮಾಧಿಯೂ ಅದರ ಅಡಿಯಲ್ಲೇ. ಭೂಕಂಪಕ್ಕೆ ಬಿದ್ದು ಚೂರಾಗಿದ್ದ ಕಲ್ಲುಗಳನ್ನು ಆಸ್ಟ್ರಿಯಾದವರು 1970ರ ದಶಕದಲ್ಲಿ ಜೋಡಿಸಿ ಆ ಮುಖವನ್ನು ಪುನಃ ನಿಲ್ಲಿಸಿದ್ರು. ಟೀಚರ್ ಆದವರು ಅದರೆದುರು ಹತ್ತು ನಿಮಿಷ ಸುಮ್ಮನೆ ಕೂರ್ಬೇಕು. ಮತ್ತೆ ಅಲ್ಲಿ ಸುಮಾರು 25,000 ಜನ ಕೂರುವಷ್ಟು ದೊಡ್ಡ ಥಿಯೇಟರ್ ಉಂಟು. ಅದರೆದುರಿನ ರಸ್ತೆ ಹಿಂದೆ ನೇರ ಬಂದರಿಗೆ ಹೋಗ್ತಿತ್ತು, ಈಗ ನಿಂತು ನೋಡಿದ್ರೆ ಸಮುದ್ರವೇ ಇಲ್ಲ, ಹೊಳೆ ತಂದು ಹಾಕಿದ ಮಣ್ಣು ತುಂಬಿ ತುಂಬಿ ಸಮುದ್ರ ಎಷ್ಟೋ ಕಿಲೋಮೀಟರ್ ದೂರ ಹೋಗಿದೆ, ಬಂದರು ಹೋದ ಮೇಲೆ ಊರೂ ಹೋಯ್ತು. ಅಳಿವೆ ಬಾಯಲ್ಲಿ ಹೊಯಿಗೆ ತುಂಬುದನ್ನು ಪ್ರತಿ ವರ್ಷ ನೋಡುವ ನಮ್ಮ ಚಂದ್ರಗಿರಿ ಕಡೆಯವರಿಗೆ ಇದು ಬೇಗ ಅರ್ಥ ಆಗ್ತದೆ.

ಎಫೆಸಸ್ಸಲ್ಲಿ ಮೇಲಿನ ಗೇಟಿಂದ ಹೊಕ್ಕಿ ಕೆಳಗಿನ ಗೇಟಲ್ಲಿ ಹೊರಗೆ ಬನ್ನಿ, ಹಾಗಾದ್ರೆ ಇಳಿಜಾರೇ ಹೆಚ್ಚು. ಆದ್ರೆ ಕಲ್ಲು ಜಾರ್ತದೆ, ನೆರಳಿಲ್ಲ, ಕೋಲು ಇಟ್ಕೊಳ್ಳಿ. ಪಾಮುಕ್ಕಲೆಯಲ್ಲಿ ಬಿಸಿನೀರಿನ ಸುಣ್ಣ ಹೆಪ್ಪುಗಟ್ಟಿ ಗುಡ್ಡವೇ ಬೆಳ್ಳಗೆ ಆಗಿದೆ, ಅದರ ಮೇಲೆ ಚಪ್ಪಲಿ ಕಳಚಿಯೇ ನಡೀಬೇಕು. ನಿಮಗೆ ಕಷ್ಟ ಆದೀತು, ಅಂಚಲ್ಲಿ ಕೂತು ಕಾಲು ನೀರಿಗೆ ಬಿಡಿ, ಸಾಕು. ಫೋಟೋದಲ್ಲಿ ಕಾಣುವ ಹಾಗೆ ಎಲ್ಲಾ ಹೊಂಡದಲ್ಲೂ ನೀರು ಇರುದಿಲ್ಲ, ಸುಣ್ಣದ ಪದರ ಉಳೀಲಿ ಅಂತ ನೀರನ್ನು ಸರದಿಯಲ್ಲಿ ಬಿಡ್ತಾರೆ, ಮೋಸ ಹೋದೆ ಅಂತ ಬೇಜಾರು ಮಾಡ್ಬೇಡಿ.

ನನ್ನ ಲೆಕ್ಕ ಹೀಗೆ, ಇದಕ್ಕೆ 8 ದಿನಕ್ಕಿಂತ ಒಂದು ದಿನ ಹೆಚ್ಚು ಬೇಕಾದೀತು: ಇಸ್ತಾಂಬುಲಲ್ಲಿ ಮೂರು ರಾತ್ರಿ, ಕಪ್ಪಡೋಸಿಯದಲ್ಲಿ ಮೂರು, ಎಫೆಸಸ್ ಹತ್ತಿರದ ಸೆಲ್ಚುಕ್ಕಲ್ಲಿ ಎರಡು, ಮಧ್ಯೆ ವಿಮಾನ. ಏಪ್ರಿಲ್ ಮೇ ಇಲ್ಲದಿದ್ರೆ ಸೆಪ್ಟೆಂಬರ್ ಅಕ್ಟೋಬರ್ ಒಳ್ಳೇದು. ಗೈಡ್ ಮಾತ್ರ ಬೇಕೇ ಬೇಕು. ಅಲ್ಲಿ ಸರ್ಕಾರದ ಲೈಸೆನ್ಸ್ ಇರುವವರಿಗೇ ಗೈಡ್ ಕೆಲಸ, ಕುತ್ತಿಗೆಯಲ್ಲಿ ಕಾರ್ಡು ಇರ್ತದೆ. ನಮ್ಮ ಗೈಡ್ ಒಬ್ಳು ಹುಡುಗಿ, ಇಸ್ತಾಂಬುಲಿನ ಹಾಗಿಯಾ ಸೋಫಿಯಾ ತೋರಿಸುವಾಗ ಮೊದಲು ಮೇಲಿನ ಗುಮ್ಮಟ ತೋರಿಸ್ಲೇ ಇಲ್ಲ, ನೆಲದ ಕಲ್ಲು ಸವೆದ ಜಾಗ ತೋರಿಸಿದ್ಳು. 537ರಲ್ಲಿ ಚರ್ಚ್ ಆಗಿ ಮುಗಿದ ಕಟ್ಟಡ, 1453ರಲ್ಲಿ ಮಸೀದಿ, 1935ರಿಂದ ಮ್ಯೂಸಿಯಂ, 2020ರಿಂದ ಪುನಃ ಮಸೀದಿ, ಇಷ್ಟೂ ಕಾಲದ ಜನ ನಡೆದು ಸವೆದದ್ದು ಇದು ಅಂತ ಹೇಳಿದ್ಳು. ಅದು ಕೇಳಿದ ಮೇಲೆ ತಲೆ ಎತ್ತಿ ಗುಮ್ಮಟ ನೋಡಿದಾಗ ಮೈ ಜುಂ ಅಂತು. ಪುಸ್ತಕ ಓದಿ ನಮಗೆ ಈ ಕ್ರಮದಲ್ಲಿ ನೋಡ್ಲಿಕ್ಕೆ ಬರುದಿಲ್ಲ. ಈಗ ಪ್ರವಾಸಿಗಳನ್ನು ಟಿಕೆಟಲ್ಲಿ ಮೇಲಿನ ಗ್ಯಾಲರಿಗೆ ಬಿಡ್ತಾರೆ, ಹತ್ತುದಕ್ಕೆ ಕಲ್ಲಿನ ಏರುದಾರಿ, ನಿಧಾನಕ್ಕೆ ಹತ್ತಿ.

ಪ್ರಶ್ನೆ: ನಾವು ಮೊಟ್ಟೆ ಸಹ ತಿನ್ನುದಿಲ್ಲ. ಅತ್ತೆಯವರೂ ಒಟ್ಟಿಗೆ ಬರ್ತಾರೆ. ಉಪವಾಸ ಬೀಳ್ಬೇಕಾ? (ಪೆರ್ಲ)

ಉತ್ತರ: ಬೀಳ್ಬೇಕಾಗಿಲ್ಲ, ಆದ್ರೆ ಕೇಳಿ ತಿನ್ಬೇಕು. ಅಲ್ಲಿ ಅನ್ನ ಮತ್ತೆ ಬೇಳೆಯ ಸೂಪ್ ನೋಡ್ಲಿಕ್ಕೆ ಸಸ್ಯಾಹಾರವೇ, ಕೆಲವು ಕಡೆ ಅದನ್ನು ಮಾಂಸ ಬೇಯಿಸಿದ ನೀರಲ್ಲಿ ಮಾಡ್ತಾರೆ. ಆ ನೀರಿಗೆ 'ಎತ್ ಸುಯು' ಅಂತ ಹೆಸರು. 'ಎತ್ ಸುಯು ಯೊಕ್' ಅಂದ್ರೆ ಅದು ಇಲ್ಲ ಅಂತ ಅರ್ಥ, ಇಷ್ಟು ಅತ್ತೆಯವರಿಗೂ ಬಾಯಿಪಾಠ ಮಾಡ್ಸಿ. ಮೊಟ್ಟೆಗೆ ಯುಮುರ್ತಾ. ಬೆಳಗ್ಗಿನ ತಿಂಡಿ ನಿಮಗೆ ಚಿಂತೆಯೇ ಇಲ್ಲ, ಟೊಮೆಟೊ, ಮುಳ್ಳುಸೌತೆ, ಆಲಿವ್, ಚೀಸ್, ಜೇನು, ಬ್ರೆಡ್ಡು ಮೇಜು ತುಂಬ ಇಡ್ತಾರೆ. ಮಧ್ಯಾಹ್ನಕ್ಕೆ ಗೊಝ್ಲೆಮೆ ಹುಡುಕಿ, ತೆಳ್ಳಗೆ ಲಟ್ಟಿಸಿ ಒಳಗೆ ಪಾಲಕ್ ಇಲ್ಲದಿದ್ರೆ ಬಟಾಟೆ ಇಟ್ಟು ಕಾವಲಿಯಲ್ಲಿ ಸುಡುದು, ಹೆಂಗಸರು ಕಣ್ಣೆದುರೇ ಮಾಡಿ ಕೊಡ್ತಾರೆ. ಎಣ್ಣೆಯಲ್ಲಿ ಬೇಯಿಸಿದ ಬದನೆ ಉಂಟು, ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿದ್ದು ಉಂಟು, ಇದು ಮಾಂಸ ಹಾಕಿದ್ದೂ ಇರ್ತದೆ, ಕೇಳಿಯೇ ತೆಕ್ಕೊಳ್ಳಿ. ಐರಾನ್ ಅಂತ ಒಂದು ಸಿಕ್ತದೆ, ಅದು ಉಪ್ಪು ಹಾಕಿದ ಮಜ್ಜಿಗೆಯೇ. ಅತ್ತೆಯವರಿಗೆ ಅವಲಕ್ಕಿ, ಉಪ್ಪಿನಕಾಯಿ ಕಟ್ಟಿಕೊಳ್ಳಿ. ಮತ್ತೆ ಅವರು ಕೇಳ್ಲಿಕ್ಕೆ ನಾಚುವ ವಿಷಯ ನಾನೇ ಹೇಳ್ತೇನೆ, ಟಾಯ್ಲೆಟ್ಟಲ್ಲಿ ನೀರಿನ ವ್ಯವಸ್ಥೆ ಇರ್ತದೆ, ಯುರೋಪಿನ ಹಾಗೆ ಪೇಪರ್ ಮಾತ್ರ ಅಲ್ಲ.

ಪ್ರಶ್ನೆ: ಮದುವೆಯಾಗಿ ಆರು ತಿಂಗಳಾಯ್ತು. ಕಪ್ಪಡೋಸಿಯದ ಬಲೂನು ಅಷ್ಟು ದುಡ್ಡು ಕೊಟ್ಟು ಹತ್ಬೇಕಾ ಮೇಡಂ? (ಉಪ್ಪಳ)

ಉತ್ತರ: ಕೈಯಲ್ಲಿ ಇದ್ರೆ ಹತ್ತಿ. ಆದ್ರೆ ಮೊದಲನೇ ಬೆಳಗ್ಗೆಗೇ ಬುಕ್ ಮಾಡಿ, ಗಾಳಿ ಹೆಚ್ಚಿದ್ರೆ ಅಲ್ಲಿನ ವಿಮಾನಯಾನ ಇಲಾಖೆಯವರು ಅವತ್ತಿನ ಹಾರಾಟ ನಿಲ್ಲಿಸ್ತಾರೆ, ಆಗ ಎರಡನೇ ಮೂರನೇ ಬೆಳಗ್ಗೆ ಬಾಕಿ ಇರ್ತದೆ. ನಿಲ್ಲಿಸಿದ್ರೆ ದುಡ್ಡು ವಾಪಸ್ ಅಂತ ರಶೀದಿಯಲ್ಲಿ ಉಂಟಾ ನೋಡ್ಕೊಳ್ಳಿ. ಬುಟ್ಟಿಯಲ್ಲಿ ಒಂದು ಗಂಟೆ ನಿಂತೇ ಇರ್ಬೇಕು, ಗರ್ಭಿಣಿಯರನ್ನು ಹತ್ತಿಸುದಿಲ್ಲ. ಹತ್ತದವರೂ ಸೂರ್ಯ ಹುಟ್ಟುವ ಮೊದಲು ಎದ್ದು ಗುಡ್ಡದ ಮೇಲೆ ನಿಂತ್ರೆ ಸಾಕು, ಆಕಾಶ ತುಂಬ ಬಲೂನು, ಅದಕ್ಕೆ ದುಡ್ಡೂ ಇಲ್ಲ.

ನಂಗೆ ಕೇಳಿದ್ರೆ ಕಪ್ಪಡೋಸಿಯದ ನಿಜವಾದ ಆಶ್ಚರ್ಯ ಇರುದು ನೆಲದ ಅಡಿಯಲ್ಲಿ. ಜ್ವಾಲಾಮುಖಿಯ ಬೂದಿ ಬಿದ್ದು ಬಿದ್ದು ಆದ ಮೆತ್ತನೆ ಕಲ್ಲು ಅದು, ಕಡಿಯುವಾಗ ಮೆತ್ತಗೆ, ಗಾಳಿ ತಾಗಿದ ಮೇಲೆ ಗಟ್ಟಿ, ಸರಿಯಾಗಿ ನಮ್ಮ ಮುರಕಲ್ಲಿನ ಗುಣ. ಆ ಕಲ್ಲು ಕೊರೆದು ಮನೆ, ಚರ್ಚು, ಕಡೆಗೆ ಊರಿಗೆ ಊರೇ ಮಾಡಿದ್ದಾರೆ. ಡೆರಿಂಕುಯು ಅಂತ ಒಂದು ಪಾತಾಳದ ಊರು ಸುಮಾರು 85 ಮೀಟರ್ ಆಳಕ್ಕೆ ಹೋಗ್ತದೆ, ಗಾಳಿಗೆ ಬಾವಿಯ ಹಾಗೆ ಉದ್ದದ ಕೊಳವೆ, ದನಕರು ಕಟ್ಟುವ ಜಾಗ, ದ್ರಾಕ್ಷಿ ಅರೆಯುವ ಜಾಗ, ವೈರಿ ಬಂದ್ರೆ ಒಳಗಿಂದಲೇ ಉರುಳಿಸಿ ಮುಚ್ಚುವ ಬೀಸುಕಲ್ಲಿನ ಹಾಗಿನ ಬಾಗಿಲು. ನಮ್ಮ ಎಣ್ಮಕಜೆ, ಬಾಯಾರು ಕಡೆಯಲ್ಲಿ ನೀರಿಗೋಸ್ಕರ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದೊಳಗೆ ಒಮ್ಮೆಯಾದ್ರೂ ಬಗ್ಗಿ ಹೋದವರಿಗೆ ಡೆರಿಂಕುಯುವಿನ ಗೋಡೆ ಮುಟ್ಟಿದಾಗ ಹಾರೆಯ ಗುರುತು ಕೂಡ್ಲೇ ಗೊತ್ತಾಗ್ತದೆ. ನಾನು ಅಲ್ಲಿ ನಿಂತು ನೆನೆಸಿದ್ದು ನಮ್ಮ ಸುರಂಗ ತೋಡುವವರನ್ನೇ. ನೀರ್ಚಾಲಿನ ಟೀಚರಿಗೆ ಮಾತ್ರ ಇದು ಬೇಡ, ದಾರಿ ಕುಗ್ಗು, ತುಂಬ ಬಗ್ಗಬೇಕು.

ಪ್ರಶ್ನೆ: ನಾನು ಕಾಸರಗೋಡಲ್ಲಿ ಹಿಸ್ಟರಿ ಬಿಎ ಓದ್ತಿದ್ದೇನೆ. ಹೋಗ್ಲಿಕ್ಕೆ ದುಡ್ಡಿಲ್ಲ, ಆದ್ರೆ ಕೇಳ್ಬೇಕು ಅನ್ನಿಸ್ತು. ಟರ್ಕಿಯಲ್ಲಿ ಇಂದ್ರ, ವರುಣರ ಹೆಸರು ಸಿಕ್ಕಿದೆ ಅಂತ ಹೇಳುದು ನಿಜವಾ? (ಕುಂಬಳೆ)

ಉತ್ತರ: ನಿಜ ತಮ್ಮಾ, ಇದು ಸುಳ್ಳು ಫಾರ್ವರ್ಡ್ ಅಲ್ಲ. ಅಂಕಾರದಿಂದ ಸುಮಾರು 200 ಕಿಲೋಮೀಟರ್ ದೂರ ಬೊಆಝ್ಕಲೆ ಅಂತ ಸಣ್ಣ ಊರು, ಅಲ್ಲಿ ಮೂರು ಸಾವಿರ ವರ್ಷಕ್ಕಿಂತ ಹಿಂದೆ ಆ ಕಡೆ ಆಳಿದ ಹಿಟ್ಟೈಟ್ ಅರಸರ ರಾಜಧಾನಿ ಹತ್ತುಶ ಇತ್ತು. 1906ರಿಂದ ಅಲ್ಲಿ ಅಗೆದಾಗ ಸಾವಿರಾರು ಜೇಡಿಮಣ್ಣಿನ ಹಲಗೆ ಸಿಕ್ಕಿದ್ವು. ಅದರಲ್ಲಿ ಒಂದು, ಹಿಟ್ಟೈಟ್ ದೊರೆ ಸುಪ್ಪಿಲುಲಿಯುಮನೂ ಪಕ್ಕದ ಮಿತನ್ನಿ ರಾಜ್ಯದ ಶತ್ತಿವಾಜನೂ ಮಾಡ್ಕೊಂಡ ಒಪ್ಪಂದ, ಕ್ರಿ.ಪೂ. 14ನೇ ಶತಮಾನದ್ದು. ಸಾಕ್ಷಿ ಹಾಕಿದ ದೇವರ ಪಟ್ಟಿಯಲ್ಲಿ ಮಿತನ್ನಿಯವರ ಕಡೆಯಿಂದ ಮಿತ್ರ, ವರುಣ, ಇಂದ್ರ, ನಾಸತ್ಯರ (ಅಂದ್ರೆ ಅಶ್ವಿನಿ ದೇವತೆಗಳ) ಹೆಸರು ಉಂಟು. ಅಲ್ಲೇ ಇನ್ನೊಂದು ಹಲಗೆ ಕಿಕ್ಕುಲಿ ಅನ್ನುವವನು ಕುದುರೆ ಪಳಗಿಸುವ ಕ್ರಮ ಹೇಳಿದ್ದು, ಅದರಲ್ಲಿ ಸುತ್ತು ಎಣಿಸುವಾಗ ಐಕ, ತೇರ, ಪಂಜ, ಸತ್ತ, ನ ಅಂತ ಬರ್ತದೆ. ಏಕ, ತ್ರಿ, ಪಂಚ, ಸಪ್ತ, ನವ, ನೀನೇ ನೋಡು. ಓದಿದ ದಿನ ನಂಗೆ ನಿದ್ದೆ ಬರ್ಲಿಲ್ಲ.

ಆದ್ರೆ ಇದನ್ನು ಹಿಡ್ಕೊಂಡು ಟರ್ಕಿ ಪೂರ್ತಿ ನಮ್ಮದೇ ಆಗಿತ್ತು ಅಂತ ಹೇಳುವವರ ಮಾತಿಗೆ ಹೋಗ್ಬೇಡ. ಮಿತನ್ನಿಯ ಸಾಮಾನ್ಯ ಜನ ಆಡ್ತಿದ್ದದ್ದು ಹುರ್ರಿಯನ್ ಭಾಷೆ, ಹಿಟ್ಟೈಟರದ್ದು ಇನ್ನೊಂದೇ ಭಾಷೆ. ಅರಸು ಮನೆತನದವರ ಹೆಸರು, ದೇವರು, ಕುದುರೆಯ ಮಾತು, ಇಷ್ಟರಲ್ಲಿ ಮಾತ್ರ ಸಂಸ್ಕೃತಕ್ಕೆ ಹತ್ತಿರದ ಒಂದು ನುಡಿಯ ಗುರುತು ಕಾಣ್ತದೆ. ಅಷ್ಟೇ ಸಾಕಷ್ಟು ದೊಡ್ಡ ವಿಷಯ ಅಲ್ವಾ? ಮುಂದೆ ಹೋದಾಗ ಇಸ್ತಾಂಬುಲಿನ ಪುರಾತತ್ವ ಮ್ಯೂಸಿಯಂ ಬಿಡ್ಬೇಡ, ಈಜಿಪ್ಟಿನ ರಾಮ್ಸೆಸ್ ಜೊತೆ ಹಿಟ್ಟೈಟರು ಮಾಡಿದ ಕಾದೇಶ್ ಶಾಂತಿ ಒಪ್ಪಂದದ ಮಣ್ಣಿನ ಹಲಗೆ ಅಲ್ಲಿ ಉಂಟು. ಹೆಚ್ಚಿನ ಪ್ಯಾಕೇಜಿನವರು ಅದನ್ನು ಬಿಟ್ಟು ಬಝಾರಿಗೆ ಕರ್ಕೊಂಡು ಹೋಗ್ತಾರೆ.

ಮಾತಿನ ನಂಟು ಈಗಿನ ಟರ್ಕಿಯಲ್ಲೂ ಸಿಕ್ತದೆ, ಇದು ಬೇರೆ ದಾರಿಯಲ್ಲಿ ಬಂದದ್ದು, ಅರಬ್ಬಿ ಪಾರ್ಸಿ ಮೂಲಕ. ಹೋಟೆಲಲ್ಲಿ ಬಿಲ್ಲಿಗೆ 'ಹೆಸಾಪ್' ಅಂತಾರೆ, ನಮ್ಮ ಹಿಸಾಬು. ಸಾಬೂನು ಅಲ್ಲಿಯೂ ಸಾಬುನ್, ಮೈದಾನ ಮೆಯ್ದಾನ್, ತಯಾರಾದ್ರೆ 'ಹಝಿರ್'.

ಪ್ರಶ್ನೆ: ವೀಸಾ ಹೇಗೆ? (ಮಂಜೇಶ್ವರ)

ಉತ್ತರ: ಅಮೆರಿಕ, ಬ್ರಿಟನ್, ಐರ್ಲೆಂಡ್ ಇಲ್ಲದಿದ್ರೆ ಶೆಂಗೆನ್ (ಯುರೋಪಿನ ಹಲವು ದೇಶಕ್ಕೆ ಒಟ್ಟಿಗೆ ಸಿಗುವ) ವೀಸಾ ಚಾಲ್ತಿಯಲ್ಲಿ ಇರುವ ಭಾರತೀಯರಿಗೆ ಇ-ವೀಸಾ ಸಿಕ್ತದೆ. ಗಲ್ಫಿನ ರೆಸಿಡೆನ್ಸ್ ವೀಸಾ ಆ ಪಟ್ಟಿಯಲ್ಲಿ ಇಲ್ಲ, ಇದರಲ್ಲಿ ನಮ್ಮವರು ತುಂಬ ಜನ ಮೋಸ ಹೋಗುದು. ಬಾಕಿಯವರು ಮೊದಲೇ ಪಾಸ್‌ಪೋರ್ಟಿಗೆ ವೀಸಾ ಹಾಕಿಸ್ಕೊಳ್ಬೇಕು. ಟಿಕೆಟ್ ತೆಗೆಯುವ ಮೊದಲು ಟರ್ಕಿ ಸರ್ಕಾರದ ಇ-ವೀಸಾ ಸೈಟಲ್ಲೇ ನೋಡಿ, ಏಜೆಂಟರ ಬಾಯಿಮಾತು ನಂಬಿ ದುಡ್ಡು ಕಟ್ಬೇಡಿ. ಮ್ಯೂಸಿಯಂ ಟಿಕೆಟುಗಳ ರೇಟು ವಿದೇಶಿಯರಿಗೆ ಯುರೋ ಲೆಕ್ಕದಲ್ಲಿ ಇರ್ತದೆ, ಪ್ಯಾಕೇಜಲ್ಲಿ ಅದು ಸೇರಿದೆಯಾ ಅಂತ ಕೇಳಿ.

ಪ್ರಶ್ನೆ: ನಾನು ಅಡಿಕೆ ಕೃಷಿಕ. ಕಲ್ಲು, ಕಟ್ಟಡ ನೋಡುವ ಉಮೇದು ನಂಗಿಲ್ಲ, ಹಸಿರು, ಗುಡ್ಡ, ಹೊಳೆ ಇರುವ ಟರ್ಕಿ ಉಂಟಾ? (ಮುಳ್ಳೇರಿಯ)

ಉತ್ತರ: ಉಂಟಣ್ಣ, ಕಪ್ಪು ಸಮುದ್ರದ ಕಡೆ. ಟ್ರಾಬ್ಜಾನ್, ರಿಝೆ, ಗಿರೆಸುನ್ ಅಂತ ಊರುಗಳು, ಅಲ್ಲಿಯ ಗುಡ್ಡ ನೋಡಿದ್ರೆ ಆಟಿ ತಿಂಗಳ ನಮ್ಮ ಊರೇ ನೆನಪಾಗ್ತದೆ, ಅಷ್ಟು ಮಳೆ, ಅಷ್ಟು ಹಸಿರು. ರಿಝೆಯಲ್ಲಿ ಚಾ ತೋಟ, ಕಡಿದಾದ ಇಳಿಜಾರಿಂದ ಚಾ ಸೊಪ್ಪಿನ ಮೂಟೆಯನ್ನು ತಂತಿಗೆ ನೇತು ಹಾಕಿ ಇಳಿಸ್ತಾರೆ. ಟ್ರಾಬ್ಜಾನ್ ಹತ್ರ ಕಾಡಿನ ನಡುವೆ ಕಡಿದಾದ ಬಂಡೆಗೆ ಅಂಟಿಸಿದ ಹಾಗೆ ಸುಮೇಲ ಮಠ ಉಂಟು, ಅದು ಕಟ್ಟಡವೇ ಆದ್ರೂ ನೋಡಿ ಬನ್ನಿ.

ನಿಮಗೆ ಮುಖ್ಯ ನೋಡ್ಬೇಕಾದ್ದು ಹೇಝಲ್‌ನಟ್ ತೋಟ, ಚಾಕಲೇಟಿಗೆ ಹಾಕುವ ಬೀಜ ಅದು. ಪ್ರಪಂಚದ ಹೇಝಲ್‌ನಟ್ಟಲ್ಲಿ ಅರ್ಧಕ್ಕಿಂತ ಹೆಚ್ಚು ಟರ್ಕಿಯದ್ದೇ, ಅದರಲ್ಲಿ ದೊಡ್ಡ ಪಾಲು ಈ ಕರಾವಳಿಯಿಂದ ಬರ್ತದೆ. ಆಗಸ್ಟಲ್ಲಿ ಕೊಯ್ಲು, ಮನೆ ಮಂದಿ ಎಲ್ಲ ತೋಟಕ್ಕೆ ಇಳಿತಾರೆ, ಕೊಯ್ದದ್ದನ್ನು ಅಂಗಳದಲ್ಲಿ ಹರಡಿ ಒಣಗಿಸ್ತಾರೆ, ಮೋಡ ಬಂತು ಅಂದ್ರೆ ಟಾರ್ಪಾಲು ಹಿಡ್ಕೊಂಡು ಓಡ್ತಾರೆ. ನಿಮಗೂ ಅವರಿಗೂ ಭಾಷೆ ಬಾರದಿದ್ರೂ ಅಂಗಳದಲ್ಲಿ ಕೂತು ರೇಟಿನ ವಿಷಯ ಕೈಸನ್ನೆಯಲ್ಲೇ ಮಾತಾಡ್ಬಹುದು. ಆದ್ರೆ ಕೃಷಿಕರ ಮನೆಗೆ ಹೋಗುದು ಮಾಮೂಲಿ ಪ್ಯಾಕೇಜಲ್ಲಿ ಇರುದಿಲ್ಲ, ಬುಕ್ ಮಾಡುವಾಗಲೇ ಗೈಡಿಗೆ ತಿಳಿಸ್ಲಿಕ್ಕೆ ಹೇಳಿ, ಒಂದು ದಿನ ಅದಕ್ಕೇ ಬಿಡಿಸಿ ಇಟ್ಕೊಳ್ಳಿ.